ನಡುವಿನ ಹದಿನೈದು ನಿಮಿಷ

ಮೂರು ವಾರದಿಂದ ಉಜ್ಜಮ್ಮ ಬೂಷ್ಟು ಬೆಳೆಸುತ್ತಿದ್ದಳು.

ನಗಬೇಡಿ, ಅದೂ ಒಂದು ಕೆಲಸವೇ. ಬೆಳಿಗ್ಗೆ ಬಂದ ಕೂಡಲೇ ದೊಡ್ಡ ರೂಮಿನ ಬಚ್ಚಲಿಗೆ ಹೋಗಿ ನೆಲಕ್ಕೆ ಎರಡು ಮಗ್ಗು ನೀರು ಚೆಲ್ಲಬೇಕು. ಒರೆಸಬಾರದು. ಕಿಟಕಿ ತೆಗೆಯಬಾರದು. ಬಾಗಿಲು ಹಾಕಿಕೊಂಡು ಬರಬೇಕು. ಆಮೇಲೆ ಟಿಪ್ಸ್ ಮೇಡಂ ಮೊಬೈಲು ಹಿಡಿದು ಹೋಗಿ ಟೈಲ್ಸಿನ ಸಂದುಗಳ ಫೋಟೊ ತೆಗೆಯುತ್ತಿದ್ದರು. ಮೊದಲ ವಾರ ಬೂದು ಗೆರೆ. ಎರಡನೇ ವಾರ ಹಸಿರು. ಮೂರನೇ ವಾರಕ್ಕೆ ಮೂಲೆಯಿಂದ ಮೂಲೆಗೆ ಕಪ್ಪು, ಅದರ ಮೇಲೆ ಲೋಳೆ.

"ಇವತ್ತು ನೀರು ಹಾಕಿದೆಯಾ?"

"ಹಾಕಿದೆ ಮೇಡಂ. ಇನ್ನೊಂದು ವಾರ ಬಿಟ್ರೆ ಕೊಯ್ಲಿಗೆ ಬರುತ್ತೆ."

"ತಲೆಹರಟೆ ಬೇಡ," ಎಂದರು ಮೇಡಂ.

ಆ ಕಟ್ಟಡದ ಹೆಂಗಸರದ್ದು ಒಂದು ಸಂಘ. ತಿಂಗಳಿಗೊಂದು ಮನೆಯಲ್ಲಿ ಸೇರುತ್ತಾರೆ, ಏನಾದರೊಂದು ಕಲಿಯುತ್ತಾರೆ, ಊಟ ಮಾಡಿ ಏಳುತ್ತಾರೆ. ಈ ತಿಂಗಳ ಸರದಿ ಮೂರನೇ ಮಹಡಿಯ ಟಿಪ್ಸ್ ಮೇಡಂ ಅವರದು. ವಿಷಯ, ಮನೆಯ ಟೈಲ್ಸ್ ನೆಲದಿಂದ ಬೂಷ್ಟನ್ನು ಸುರಕ್ಷಿತವಾಗಿ ತೆಗೆಯುವುದು. ಬರೀ ಭಾಷಣವಲ್ಲ, ಪ್ರಾತ್ಯಕ್ಷಿಕೆ. ಕಣ್ಣೆದುರೇ ಮಾಡಿ ತೋರಿಸಬೇಕು. ತೋರಿಸಬೇಕೆಂದರೆ ಬೂಷ್ಟು ಬೇಕು. ಬೂಷ್ಟು ಬೇಕೆಂದರೆ ಉಜ್ಜಮ್ಮ ಉಜ್ಜಬಾರದು. ಮೂರು ವಾರ ಯಜಮಾನರು ಹಾಲ್ ಪಕ್ಕದ ಸಣ್ಣ ಬಚ್ಚಲಿನಲ್ಲಿ ಗೊಣಗುತ್ತಾ ಸ್ನಾನ ಮಾಡಿದರು. ಜನಸೇವೆ ಎಂದರೆ ಸುಮ್ಮನೆಯೇ?

ಟಿಪ್ಸ್ ಮೇಡಂ ಎಂದು ಹೆಸರಿಟ್ಟವರು ಆ ಕಟ್ಟಡದ ಕೆಲಸದ ಹೆಂಗಸರು. ಮೇಡಂ ಮೊಬೈಲಿನಲ್ಲಿ ವಿಡಿಯೊ ಮಾಡಿ ಬಿಡುತ್ತಾರೆ. ಗ್ಯಾಸ್ ಒಲೆಯ ಹತ್ತಿರ ಎಚ್ಚರ, ಒದ್ದೆ ಮೆಟ್ಟಿಲ ಹತ್ತಿರ ಎಚ್ಚರ, ಕತ್ತರಿ ಹಿಡಿಯುವಾಗ ಎಚ್ಚರ. ಲೋಕದಲ್ಲಿ ಯಾರೂ ಜಾರಿ ಬೀಳಬಾರದು, ಯಾರೂ ಬೆರಳು ಕುಯ್ದುಕೊಳ್ಳಬಾರದು ಎನ್ನುವ ದೊಡ್ಡ ಮನಸ್ಸು ಅವರದು. ಇನ್ನು ಉಜ್ಜಮ್ಮ ಎಂಬ ಹೆಸರು ಯಜಮಾನರ ಕೊಡುಗೆ. "ಉಜ್ಜೋ ಅಮ್ಮ ಬಂದ್ಲಾ?" ಎಂದು ಒಂದು ದಿನ ತಮಾಷೆ ಮಾಡಿದರು. ಮನೆಯವರೆಲ್ಲ ನಕ್ಕರು. ಅದೇ ಅಂಟಿಕೊಂಡಿತು.

ಆ ಬಚ್ಚಲಿಗೆ ಬೂಷ್ಟು ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಗೊತ್ತಾಗಿತ್ತು. ಬೇಸಿನ್ನಿನ ಕೆಳಗೆ, ಗೋಡೆಯ ಒಳಗೆ ಪೈಪು ಸೋರುತ್ತಿತ್ತು. ಅಂಗೈ ಇಟ್ಟರೆ ಆ ಜಾಗ ಬೇಸಿಗೆಯಲ್ಲೂ ತಣ್ಣಗೆ ಇರುತ್ತಿತ್ತು. ಪ್ಲಂಬರ್ ಬಂದು ಬೆರಳಿನಿಂದ ತಟ್ಟಿ ನೋಡಿ, "ನಾಲ್ಕು ಟೈಲ್ಸ್ ಒಡೀಬೇಕು" ಎಂದ. ಯಜಮಾನರು ಎದೆ ಹಿಡಿದುಕೊಂಡರು. ಹಡಗಿನಲ್ಲಿ ತರಿಸಿದ ಟೈಲ್ಸು! ಒಡೆಯುವುದೇ! ಪ್ಲಂಬರನ್ನು ಕಳಿಸಿದ ಮೇಲೆ ಮನೆಯಲ್ಲಿ ತೀರ್ಮಾನವಾಯಿತು, ಬೂಷ್ಟು ಬರುವುದು ಪೈಪಿನಿಂದಲ್ಲ, ಉಜ್ಜಮ್ಮನ ಒರೆಸುವ ಬಟ್ಟೆಯಿಂದ. ನಾಲ್ಕು ಮನೆಯ ಕೊಳೆ ಅದರಲ್ಲಿ ಬರುತ್ತದಂತೆ. ಬಟ್ಟೆ ಆ ಮನೆಯದೇ. ಒಣಗುವುದೂ ಆ ಮನೆಯ ಬಾಲ್ಕನಿಯಲ್ಲೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗಾಯಿತು. ಪೈಪು ಸೋರಲಿ, ಉಜ್ಜಮ್ಮ ಉಜ್ಜಲಿ.

ಶನಿವಾರ ಶನಿವಾರ ಮಂಡಿಯೂರಿ ಉಜ್ಜುವ ಆ ಬಚ್ಚಲಿನಲ್ಲಿ ಒಂದು ಸಲ ಅವಳಿಗೆ ಒಂದಕ್ಕೆ ಅವಸರವಾಯಿತು. "ಇಲ್ಲೇ ಹೋಗ್ಲಾ ಮೇಡಂ?" ಎಂದು ಕೇಳಿದಳು. ಮೇಡಂ ನಯವಾಗಿಯೇ ಹೇಳಿದರು, "ಕೆಳಗೆ ವಾಚ್‌ಮನ್ ಹತ್ರ ಒಂದಿದೆ ನೋಡು, ಅಲ್ಲಿ ಹೋಗಿ ಬಾ. ಬೇಜಾರು ಮಾಡ್ಕೋಬೇಡ, ಹೈಜೀನ್ ಪ್ರಶ್ನೆ." ಲಿಫ್ಟು ಕೆಲಸದವರಿಗಲ್ಲ. ಮೂರು ಮಹಡಿ ಇಳಿದಳು, ಮೂರು ಮಹಡಿ ಹತ್ತಿದಳು, ಬಂದು ಅದೇ ಕಮೋಡಿನ ಸುತ್ತ ಕೈ ಹಾಕಿ ಉಜ್ಜಿದಳು. ಹೈಜೀನು ಉಳಿಯಿತು.

ಉಜ್ಜುವ ವಿಧಾನಕ್ಕೆ ಬರೋಣ. ವಿಡಿಯೊದಲ್ಲಿ ಮೇಡಂ ಅವರ ಕೈಗೆ ಹಳದಿ ಗ್ಲೌಸು, ಮೂಗಿಗೆ ಮಾಸ್ಕು. ವಿಡಿಯೊ ಮುಗಿದ ಮೇಲೆ ಆ ಗ್ಲೌಸನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪೌಡರ್ ಹಾಕಿ ಡ್ರಾಯರಿನಲ್ಲಿ ಇಡುವುದು ಉಜ್ಜಮ್ಮನ ಕೆಲಸ. ಹಾಕಿಕೊಳ್ಳುವುದು ಅವಳ ಕೆಲಸವಲ್ಲ. "ಗ್ಲೌಸ್ ಹಾಕ್ಕೊಂಡ್ರೆ ಕೊಳೆ ಎಲ್ಲಿದೆ ಅಂತ ಕೈಗೆ ಗೊತ್ತಾಗಲ್ಲ. ನಿನಗೆ ಹೇಗೂ ಅಭ್ಯಾಸ ಇದೆಯಲ್ಲ." ಅಭ್ಯಾಸ ಇತ್ತು. ಬೆರಳ ಸಂದಿನಲ್ಲಿ ಚರ್ಮ ಸುಲಿದು ಕೆಂಪಗಿತ್ತು. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆ ಮನೆಯವರಿಗೆ ಕನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ.

ಬಚ್ಚಲಿನ ಕಪಾಟಿನಲ್ಲಿ ಎರಡು ಬಾಟಲಿ. ಒಂದು ಆಸಿಡ್ಡು, ಇನ್ನೊಂದು ಬ್ಲೀಚು. ಒಂದನ್ನೇ ಹಾಕಿ ನೆನೆಯಲು ಬಿಟ್ಟು ಉಜ್ಜಿದರೆ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಮೇಡಂ ಅವರಿಗೆ ಹೊತ್ತಿಲ್ಲ. ಎರಡನ್ನೂ ಒಟ್ಟಿಗೆ ಸುರಿಯಬೇಕು, ಬುರುಬುರು ನೊರೆ ಏಳಬೇಕು, ಕಾಲು ಗಂಟೆಯಲ್ಲಿ ಮುಗಿಯಬೇಕು. ಬಾಗಿಲು ಹಾಕಿರಬೇಕು, ರೂಮಿಗೆ ವಾಸನೆ ಬರಬಾರದು. ಕಿಟಕಿಯೂ ಹಾಕಿರಬೇಕು, ಎದುರು ಕಟ್ಟಡದ ಬಾಲ್ಕನಿಯವರಿಗೆ ಮನೆಯ ಬಚ್ಚಲು ಕಾಣಬಾರದು. ಒಳಗಿದ್ದವಳು ಏನು ಮಾಡಬೇಕು? ಅದನ್ನು ಮೇಡಂ ಯಾವ ವಿಡಿಯೊದಲ್ಲೂ ಹೇಳಿಲ್ಲ.

ಅದನ್ನು ಹೇಳಿಕೊಟ್ಟವಳು ಓರಗಿತ್ತಿ. "ಉಸಿರು ಬಿಗಿ ಹಿಡಿ. ಸುರಿ. ನಲವತ್ತು ಎಣಿಸೋ ತನಕ ಉಜ್ಜು. ಆಮೇಲೆ ಓಡಿ ಬಂದು ಬಾಗಿಲ ಹತ್ರ ಬೋರಲು ಮಲಗು. ಬಾಗಿಲ ಕೆಳಗೆ ಎರಡು ಬೆರಳು ಸಂದು ಇದೆ. ಅಲ್ಲಿ ಮೂಗು ಇಟ್ಟು ಉಸಿರು ತಗೋ. ಮತ್ತೆ ಹೋಗು."

ನಾಲ್ಕು ವರ್ಷ ಉಜ್ಜಮ್ಮ ಹಾಗೆಯೇ ಮಾಡಿದಳು. ನಲವತ್ತು ಎಣಿಸುವುದು, ಬಾಗಿಲ ಸಂದಿಗೆ ಮೂಗು ಒತ್ತಿ ಮಲಗುವುದು, ಏಳುವುದು, ಮತ್ತೆ ನಲವತ್ತು. ಹೊರಗೆ ಅದೇ ಬಾಗಿಲ ಆಚೆ ಕಾಲುಗಳು ಓಡಾಡುತ್ತಿದ್ದವು. ಮನೆಯವರ ಚಪ್ಪಲಿಯ ಅಟ್ಟೆ ಅವಳಿಗೆ ಅವರ ಮುಖಕ್ಕಿಂತ ಹೆಚ್ಚು ಪರಿಚಯ.

ಓರಗಿತ್ತಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಅದೇ ಬಚ್ಚಲನ್ನು ಉಜ್ಜಮ್ಮನಿಗಿಂತ ಮೊದಲು ಏಳು ವರ್ಷ ಉಜ್ಜಿದವಳು ಅವಳೇ. ಇಬ್ಬರ ಗಂಡಂದಿರು ಅಣ್ಣ ತಮ್ಮಂದಿರು, ಕಟ್ಟಡದ ಕೆಲಸ ಹುಡುಕಿಕೊಂಡು ಊರೂರು ಸುತ್ತುವವರು. ಮನೆ ನಡೆಸುವವರು ಇವರಿಬ್ಬರೇ. ಒಂದು ಶನಿವಾರ ಓರಗಿತ್ತಿಗೆ ಎಣಿಕೆ ತಪ್ಪಿತು. ನಲವತ್ತರ ಬದಲು ಅರವತ್ತೋ ಎಪ್ಪತ್ತೋ ಆಯಿತು. ಬಾಗಿಲವರೆಗೆ ಬರಲಾಗಲಿಲ್ಲ. ವಾಚ್‌ಮನ್ ಹೊತ್ತುಕೊಂಡು ಕೆಳಗಿಳಿಸಿದ. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳು. ಬದುಕಿಬಂದಳು, ಆದರೆ ಉಸಿರು ಮೊದಲಿನಂತೆ ಬರಲಿಲ್ಲ. ಈಗ ಮಲಗಿದರೆ ಕಟ್ಟುತ್ತದೆ ಎಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಾಳೆ. ನೀರಿನ ಕೊಡ ಎತ್ತಿದರೆ ಎದೆಯೊಳಗಿನಿಂದ ಸಿಳ್ಳೆ ಕೇಳುತ್ತದೆ.

"ಅವಳಿಗೆ ಮೊದಲೇ ದಮ್ಮು ಇತ್ತು ಅನ್ಸುತ್ತೆ," ಎಂದಿದ್ದರು ಮೇಡಂ. ಒಂದು ಚೀಲ ಹಣ್ಣು ಕಳಿಸಿದ್ದರು. ಹಣ್ಣಿನ ಜೊತೆಗೆ ಹೇಳಿಯೂ ಕಳಿಸಿದ್ದರು, ಸೋಮವಾರದಿಂದ ಬೇರೆ ಯಾರಾದರೂ ಇದ್ದರೆ ಕಳಿಸು.

ಆಸ್ಪತ್ರೆಯ ನರ್ಸಮ್ಮ ಉಜ್ಜಮ್ಮನನ್ನು ಪಕ್ಕಕ್ಕೆ ಕರೆದು ಬೈದಿದ್ದಳು. "ಯಾವ ಪುಣ್ಯಾತ್ಮರು ಹೇಳಿಕೊಟ್ರಮ್ಮ ಇದನ್ನ? ಅವೆರಡು ಸೇರಿದ್ರೆ ವಿಷದ ಗಾಳಿ ಏಳುತ್ತೆ. ಆಸಿಡ್ ಬೇಡವೇ ಬೇಡ. ಬ್ಲೀಚ್ ಒಂದೇ ಸಾಕು, ಅದೂ ನೀರಲ್ಲಿ ತೆಳ್ಳಗೆ ಮಾಡಿ. ಕಿಟಕಿ ಬಾಗಿಲು ತೆಗೆದಿರಬೇಕು. ಕೈಗೆ ಮೂಗಿಗೆ ಹಾಕ್ಕೊಂಡಿರಬೇಕು. ಹಾಕಿ ಹತ್ತು ನಿಮಿಷ ಹೊರಗೆ ಬಂದು ನಿಂತ್ಕೋ. ಆಮೇಲೆ ಉಜ್ಜಿ, ತೊಳೆದು, ನೀರು ನಿಲ್ಲದ ಹಾಗೆ ಒರೆಸು. ಇಷ್ಟೇ."

ಇಷ್ಟೇ. ಉಜ್ಜಮ್ಮ ಅದನ್ನು ಬಾಯಿಪಾಠ ಮಾಡಿಕೊಂಡು ಬಂದು ಮೇಡಂಗೆ ಒಪ್ಪಿಸಿದ್ದಳು. ಮೇಡಂ ಮುಗುಳ್ನಕ್ಕಿದ್ದರು. "ನರ್ಸುಗಳು ಹೆದರಿಸ್ತಾರೆ. ನಾನು ಓದಿದೋಳು, ನನಗೆ ಗೊತ್ತಿಲ್ವಾ? ಏನೂ ಆಗಲ್ಲ. ಸ್ವಲ್ಪ ಮೂಗು ಉರಿಯುತ್ತೆ ಅಷ್ಟೇ." ಮನೆಯಲ್ಲಿ ಒಲೆ ಉರಿಯಬೇಕಿತ್ತು. ಉಜ್ಜಮ್ಮ ಮೂಗು ಉರಿಸಿಕೊಂಡಳು.

ಓರಗಿತ್ತಿ ಮಾತ್ರ ಇವತ್ತಿಗೂ ಮೇಡಂ ಪರವೇ. "ಪಾಪ, ಅವರಿಗೇನು ಗೊತ್ತು? ಬಚ್ಚಲು ತೊಳೆದು ಗೊತ್ತಿರೋ ಜೀವವಾ ಅದು? ಗೊತ್ತಿದ್ರೆ ಮಾಡಿಸ್ತಿದ್ರಾ?" ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಕುರ್ಚಿಯಲ್ಲಿ ಕೂತು ರಾತ್ರಿಗಳನ್ನು ಕಳೆದಿದ್ದಳು. ಉಜ್ಜಮ್ಮನೂ ಅದನ್ನೇ ನಂಬಿದ್ದಳು, ನರ್ಸಮ್ಮನ ಮಾತು ಮೇಡಂಗೆ ನಿಜವೆನಿಸಿಲ್ಲ ಅಷ್ಟೇ ಎಂದುಕೊಂಡಿದ್ದಳು. ತಿಳಿಯದೆ ಮಾಡಿದವರ ಮೇಲೆ ಎಷ್ಟು ಅಂತ ಕೋಪ ಮಾಡಿಕೊಳ್ಳುವುದು?

ಪ್ರಾತ್ಯಕ್ಷಿಕೆಯ ದಿನ ಬಂತು. ಹನ್ನೊಂದು ಗಂಟೆಗೆ ಹದಿನಾರು ಹೆಂಗಸರು ಬಂದು ದೊಡ್ಡ ರೂಮಿನಲ್ಲಿ ನೆರೆದರು. ಬಚ್ಚಲ ಬಾಗಿಲಲ್ಲಿ ಇಣುಕಿ ಮೂಗು ಮುಚ್ಚಿಕೊಂಡರು. "ಅಯ್ಯಪ್ಪಾ, ಏನ್ರೀ ಇದು!" ಎಂದರು. ಮೇಡಂ ಮುಖದಲ್ಲಿ ಹೆಮ್ಮೆ. ಮೂರು ವಾರದ ಬೆಳೆ ಚೆನ್ನಾಗಿ ಬಂದಿತ್ತು.

ಮೇಡಂ ಹಳದಿ ಗ್ಲೌಸು ಹಾಕಿದರು, ಮಾಸ್ಕು ಹಾಕಿದರು. ಅಡುಗೆ ಸೋಡಾ ಉದುರಿಸಿದರು. ಮೇಲೆ ವಿನೆಗರ್ ಚಿಮುಕಿಸಿದರು. ಬುಸ್ ಎಂದು ನೊರೆ ಎದ್ದಿತು. ಹದಿನಾರು ಜನ "ಓ" ಎಂದರು.

"ನೋಡಿ, ಎಲ್ಲ ನಮ್ಮ ಅಡುಗೆಮನೆಯಲ್ಲಿ ಇರೋದೇ. ಕೆಮಿಕಲ್ ಇಲ್ಲ, ವಿಷ ಇಲ್ಲ. ಈಗ ಹದಿನೈದು ನಿಮಿಷ ಹಾಗೇ ಬಿಡಬೇಕು. ಅಷ್ಟರಲ್ಲಿ ನಾವು ಟೀ ಕುಡಿಯೋಣ. ಬಂದು ನೋಡಿದ್ರೆ ನೀವೇ ನಂಬಲ್ಲ."

ನಂಬದ ಹಾಗೆ ಮಾಡುವವಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅದೇ ಆ ಪ್ರಾತ್ಯಕ್ಷಿಕೆಯ ಗುಟ್ಟು. ಮೊದಲಿನದನ್ನು ಹದಿನಾರು ಜನ ನೋಡುತ್ತಾರೆ, ಕೊನೆಯದನ್ನು ಹದಿನಾರು ಜನ ನೋಡುತ್ತಾರೆ. ನಡುವಿನ ಹದಿನೈದು ನಿಮಿಷ ಉಜ್ಜಮ್ಮನದು. ಹೆಂಗಸರು ಟೀಗೆ ಹೋಗುತ್ತಿದ್ದ ಹಾಗೆ ಮೇಡಂ ಗ್ಲೌಸು ಮಾಸ್ಕು ಬಿಚ್ಚಿ ಬೇಸಿನ್ನಿನ ಮೇಲಿಟ್ಟು, ಪಿಸುಗುಟ್ಟಿದರು.

"ಬೇಗ. ಎರಡೂ ಬಾಟ್ಲಿ ಪೂರ್ತಿ ಸುರಿ. ಹದಿನೈದು ನಿಮಿಷ, ನೆನಪಿರಲಿ."

"ಮೇಡಂ, ಅಡಿಯಲ್ಲಿ ವಿನೆಗರ್ ಬೇರೆ ಇದೆ. ಇವತ್ತು ಕಿಟಕಿಯಾದ್ರೂ ತೆಗಿಲಾ?"

"ಹುಚ್ಚಾ ನಿನಗೆ? ಹಾಲಿನ ಬಾಲ್ಕನಿ ಪಕ್ಕದಲ್ಲೇ ಇದೆ. ವಾಸನೆ ಅಲ್ಲಿಗೇ ಬರುತ್ತೆ."

ಬಾಗಿಲು ಮುಚ್ಚಿತು. ಉಜ್ಜಮ್ಮ ಸೀರೆ ಎತ್ತಿ ಕಟ್ಟಿದಳು. ಕಪಾಟಿನಿಂದ ಎರಡು ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಬೇಕು, ಅಷ್ಟರಲ್ಲಿ ಬಾಗಿಲ ಬುಡದಲ್ಲಿ ಏನೋ ಸರಿದಾಡಿತು. ನೋಡಿದಳು. ಆಚೆಯಿಂದ ಯಾರೋ ಒದ್ದೆ ಟವೆಲನ್ನು ಬಾಗಿಲ ಕೆಳಗಿನ ಸಂದಿಗೆ ತುರುಕುತ್ತಿದ್ದರು. ಉಗುರಿಗೆ ಬಣ್ಣ ಹಚ್ಚಿದ ಬೆರಳು ಒಂದು ಕ್ಷಣ ಕಂಡಿತು. ಈ ತುದಿಯಿಂದ ಆ ತುದಿಯವರೆಗೆ, ನೀಟಾಗಿ, ಒತ್ತಿ ಒತ್ತಿ ತುರುಕಿದರು. ಎರಡು ಬೆರಳಗಲದ ಬೆಳಕು ಮುಚ್ಚಿಹೋಯಿತು. ಟಿಪ್ಸ್ ಮೇಡಂ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

ಉಜ್ಜಮ್ಮ ಆ ಟವೆಲನ್ನೇ ನೋಡುತ್ತಾ ನಿಂತಳು. ನಾಲ್ಕು ವರ್ಷ ಅವಳು ಮೂಗು ಇಟ್ಟ ಜಾಗ ಅದು. ಅವಳಿಗೆ ಮೊದಲು ಭಯವಾಯಿತು. ಆಮೇಲೆ ಅಳು ಬರುತ್ತದೆ ಅಂದುಕೊಂಡಳು. ಬಂದದ್ದು ಸಿಟ್ಟು.

ಎರಡು ಬಾಟಲಿಯನ್ನೂ ಕೆಳಗಿಟ್ಟಳು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಅಂಗೈಯಿಂದ ಮೂರು ಸಲ ಗುದ್ದಿದಳು. ಅರ್ಧ ತೆರೆಯಿತು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಎದುರು ಕಟ್ಟಡದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಗಾಳಿ ಬರುತ್ತಿತ್ತು. ಆ ಬಚ್ಚಲಿನಲ್ಲಿ ಕೂತು ಅವಳು ಎಣಿಸದೆ ಉಸಿರಾಡಿದ್ದು ಅದೇ ಮೊದಲು. ಹದಿನೈದು ನಿಮಿಷ ಹಾಗೇ ಕೂತಿದ್ದಳು.

ಬಾಗಿಲು ತೆರೆಯಿತು. "ಈಗ ನೋಡಿ!" ಎಂದರು ಮೇಡಂ.

ನೋಡಿದರು. ಬೂಷ್ಟು ಇದ್ದ ಹಾಗೇ ಇತ್ತು. ಸೋಡಾ ಅದರ ಮೇಲೆ ಬೆಳ್ಳಗೆ ಅಂಟಿತ್ತು. ನಡುವೆ ಬಕೆಟ್ಟಿನ ಮೇಲೆ ಕೆಲಸದವಳು ಕಾಲು ನೀಡಿ ಕೂತಿದ್ದಳು.

"ಏನೇ ಇದು?" ಎಂದರು ಮೇಡಂ. "ಯಾಕೆ ಕೂತಿದ್ದೀಯ?"

"ನೀವು ಹೇಳಿದ ಹಾಗೇ ಮಾಡಿದೆ ಮೇಡಂ. ಸೋಡಾ, ವಿನೆಗರ್, ಹದಿನೈದು ನಿಮಿಷ. ಹೋಗಲಿಲ್ಲ ಅದು."

ಹಿಂದಿನಿಂದ ಒಬ್ಬ ದಪ್ಪ ಕನ್ನಡಕದಾಕೆ ಕತ್ತು ಉದ್ದ ಮಾಡಿ ಕೇಳಿದಳು. "ಹಾಗಾದ್ರೆ ಹೋಗೋದು ಹೇಗೆ?"

ಉಜ್ಜಮ್ಮ ಎದ್ದಳು. "ವಾರವಾರ ಹೋಗೋದು ಇದರಿಂದ ಅಮ್ಮಾ," ಎಂದು ಎರಡು ಬಾಟಲಿ ಎತ್ತಿ ತೋರಿಸಿದಳು. "ಎರಡನ್ನೂ ಸೇರಿಸಿ ಸುರೀಬೇಕು. ಕಿಟಕಿ ಹಾಕಿ, ಬಾಗಿಲು ಹಾಕಿ, ಬಾಗಿಲ ಕೆಳಗೆ ಟವೆಲ್ ತುರುಕಿ. ಒಳಗೆ ನಾನು ಇರಬೇಕು. ನೀವು ಟೀ ಕುಡೀತಿರಬೇಕು. ಇವತ್ತು ನಾನು ಸುರೀಲಿಲ್ಲ. ಇನ್ಮೇಲೆ ಸುರಿಯೋದಿಲ್ಲ."

"ಸುಳ್ಳು ಹೇಳ್ತಾಳೆ," ಎಂದರು ಮೇಡಂ. ಅಷ್ಟರಲ್ಲಿ ಕನ್ನಡಕದಾಕೆಯ ಕಣ್ಣು ಕಾಲಡಿಯ ಒದ್ದೆ ಟವೆಲಿನ ಮೇಲೆ ಬಿದ್ದಿತ್ತು. ಮೇಡಂ ಅದನ್ನು ಕಂಡು ಮಾತು ಬದಲಿಸಿದರು. "ಅಂದ್ರೆ, ಅಪರೂಪಕ್ಕೆ ಹಾಕಿಸ್ತೀನಿ. ಎಲ್ಲರೂ ಹಾಕಿಸ್ತಾರೆ. ಅದರಿಂದ ಏನೂ ಆಗಲ್ಲ."

ಎಲ್ಲರೂ ಎಂದ ಕೂಡಲೇ ಕೆಲವರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಬಚ್ಚಲಿತ್ತು.

"ಏನೂ ಆಗಲ್ಲ ಅಂತೀರಲ್ಲ ಮೇಡಂ," ಉಜ್ಜಮ್ಮ ಬಾಟಲಿಗಳನ್ನು ಮುಂದೆ ಚಾಚಿದಳು. "ಹಾಗಾದ್ರೆ ನೀವೇ ಸುರೀರಿ. ಎಲ್ಲರೂ ನೋಡ್ಲಿ. ಪ್ರಾತ್ಯಕ್ಷಿಕೆ ತಾನೆ?"

ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಗಾಳ ತನ್ನ ತುಟಿಗೇ ಸಿಕ್ಕಿಕೊಂಡಾಗ ಮನುಷ್ಯರು ಹೇಗೆ ಆಡುತ್ತಾರೆ ಎಂದು ಉಜ್ಜಮ್ಮ ಅವತ್ತು ಹತ್ತಿರದಿಂದ ನೋಡಿದಳು. "ಅದರಲ್ಲೇನಿದೆ, ಕೊಡು," ಎಂದರು ಮೇಡಂ. ಆದರೆ ಬಾಟಲಿ ಮುಟ್ಟಲಿಲ್ಲ. ಮೊದಲು ಗ್ಲೌಸು ಹಾಕಿಕೊಂಡರು. ಮಾಸ್ಕು ಹಾಕಿಕೊಂಡರು. ಡ್ರಾಯರಿನಿಂದ ಇನ್ನೊಂದು ಮಾಸ್ಕು ತರಿಸಿ ಅದರ ಮೇಲೆ ಹಾಕಿಕೊಂಡರು. ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ತಳ್ಳಿದರು. ಫ್ಯಾನಿನ ಸ್ವಿಚ್ಚು ಒತ್ತಿದರು. ಅಲ್ಲೊಂದು ಗಾಳಿ ಹೊರಗೆಸೆಯುವ ಫ್ಯಾನು ಇದೆ ಎಂಬುದೇ ಉಜ್ಜಮ್ಮನಿಗೆ ತಿಳಿದಿರಲಿಲ್ಲ, ಸ್ವಿಚ್ಚು ರೂಮಿನಲ್ಲಿತ್ತು. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದರು. "ಯಾರೂ ಇಲ್ಲಿ ನಿಲ್ಲಬೇಡಿ, ದಯವಿಟ್ಟು ಹಾಲಿಗೆ ಹೋಗಿ. ದಮ್ಮಿರೋರಂತೂ ಬಾಲ್ಕನಿಗೇ ಹೋಗಿ," ಎಂದರು. ಆಮೇಲೆ ಬಾಟಲಿ ತೆಗೆದುಕೊಂಡು ತೋಳು ಉದ್ದಕ್ಕೆ ಚಾಚಿ, ಮುಖ ಆಚೆ ತಿರುಗಿಸಿ ನಿಂತರು. ನಿಂತೇ ಇದ್ದರು. ಕೊನೆಗೆ ಮುಚ್ಚಳ ತೆಗೆಯದೆ ಮೆಲ್ಲಗೆ ಕೆಳಗಿಟ್ಟರು.

"ನನಗೆ ಅಲರ್ಜಿ ಇದೆ," ಎಂದರು.

ಉಜ್ಜಮ್ಮ ಎಲ್ಲವನ್ನೂ ಒಂದೊಂದಾಗಿ ನೋಡಿದ್ದಳು. ಗ್ಲೌಸು, ಮಾಸ್ಕಿನ ಮೇಲೆ ಮಾಸ್ಕು, ಕಿಟಕಿ, ಫ್ಯಾನು, ಬಾಗಿಲು. ನರ್ಸಮ್ಮ ಹೇಳಿದ್ದರಲ್ಲಿ ಒಂದೂ ಬಿಟ್ಟಿರಲಿಲ್ಲ.

"ಹಾಗಾದ್ರೆ ನಿಮಗೆ ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಇದು ವಿಷ ಅಂತ."

ಮೇಡಂಗೆ ರೇಗಿತು. ಸಂಘದವರ ಎದುರು ಮರ್ಯಾದೆ ಹೋದ ಸಿಟ್ಟಿನಲ್ಲಿ ಯೋಚಿಸದೆ ಅಂದುಬಿಟ್ಟರು. "ಅದರಲ್ಲಿ ಗೊತ್ತಿರೋದೇನು ಬಂತು? ಬಾಟ್ಲಿ ಮೇಲೇ ಬರೆದಿದೆಯಲ್ಲ, ಸೇರಿಸಬಾರದು ಅಂತ! ಓದೋಕೆ ಬರದೇ ಇರೋದು ನಿಮ್ಮ ತಪ್ಪು."

ಫ್ಯಾನು ಗಿರಗಿರ ತಿರುಗುತ್ತಿತ್ತು. ಉಜ್ಜಮ್ಮ ಬಾಟಲಿ ನೋಡಿದಳು. ಅದರ ಬೆನ್ನಿಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ನಾಲ್ಕು ವರ್ಷ ಅವಳ ಕೈಯಲ್ಲಿತ್ತು ಅದು, ಏಳು ವರ್ಷ ಓರಗಿತ್ತಿಯ ಕೈಯಲ್ಲಿತ್ತು.

"ಊಟಕ್ಕೆ ಏಳೋಣ್ವಾ?" ಎಂದರು ಯಾರೋ. ಹದಿನಾರು ಜನಕ್ಕೂ ಒಮ್ಮೆಲೇ ಹಸಿವಾಯಿತು.

"ನಾಳೆಯಿಂದ ಬರಬೇಡ," ಎಂದರು ಮೇಡಂ.

"ನಾಳೆ ತನಕ ಯಾಕೆ?" ಎಂದು ಉಜ್ಜಮ್ಮ ಎತ್ತಿ ಕಟ್ಟಿದ್ದ ಸೀರೆ ಇಳಿಬಿಟ್ಟು ಕೊಡವಿದಳು.

ಮನೆ ಹತ್ತು ನಿಮಿಷದ ದಾರಿ. ಓರಗಿತ್ತಿ ಕುರ್ಚಿಯಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳ ಮುಖ ನೋಡಿ, "ಏನಾಯ್ತೇ?" ಎಂದಳು.

ಉಜ್ಜಮ್ಮ ನಿಂತುಕೊಂಡೇ ಎಲ್ಲ ಹೇಳಿದಳು. ಕೊನೆಯ ಮಾತೊಂದು ಉಳಿಯಿತು. ಹೇಳದೆ ಬಿಡೋಣ ಅನ್ನಿಸಿತು. ಈ ಹೆಂಗಸು ಇಷ್ಟು ವರ್ಷ ಹಿಡಿದುಕೊಂಡ ಒಂದೇ ಒಂದು ಕಡ್ಡಿ ಅದು, ಅದನ್ನೂ ಕಿತ್ತುಕೊಳ್ಳಬೇಕೇ? ಆಮೇಲೆ, ಸುಳ್ಳು ಕಡ್ಡಿ ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡಳು.

"ಅವರಿಗೆ ಗೊತ್ತಿತ್ತಂತೆ ಅಕ್ಕ. ಮೊದಲಿಂದಲೂ. ಬಾಟ್ಲಿ ಮೇಲೇ ಬರೆದಿದೆಯಂತೆ."

ಓರಗಿತ್ತಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು. ಆಮೇಲೆ ಮೊರ ಕೆಳಗಿಟ್ಟು, ಕುರ್ಚಿಯ ಕೈ ಹಿಡಿದು ಎದ್ದಳು.

"ಬಟ್ಟೆ ಬದಲಾಯಿಸ್ತೀನಿ. ನಿಂತ್ಕೋ."

"ಎಲ್ಲಿಗೆ ಅಕ್ಕ?"

"ಅಲ್ಲಿಗೆ."

ಹತ್ತು ನಿಮಿಷದ ದಾರಿಗೆ ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಟ್ಟಡದ ಬಾಗಿಲಲ್ಲಿ ವಾಚ್‌ಮನ್ ಓರಗಿತ್ತಿಯನ್ನು ಗುರುತಿಸಿ ಎದ್ದು ನಿಂತ. ಅವಳನ್ನು ಹೊತ್ತುಕೊಂಡು ಇಳಿದವನು ಅವನೇ. "ಲಿಫ್ಟಲ್ಲಿ ಹೋಗಿ ಅಕ್ಕ, ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ," ಎಂದ.

"ಬೇಡಪ್ಪ," ಎಂದಳು ಓರಗಿತ್ತಿ. "ಲಿಫ್ಟಲ್ಲಿ ಹೋದ್ರೆ ಉಸಿರು ಸರಿಯಾಗಿಬಿಡುತ್ತೆ. ಆಮೇಲೆ ಅವರಿಗೆ ಏನು ತೋರಿಸ್ಲಿ?"

ಮೆಟ್ಟಿಲು ಹತ್ತಿದಳು. ಎರಡು ಮೆಟ್ಟಿಲಿಗೊಮ್ಮೆ ನಿಂತಳು. ಮೊದಲ ಮಹಡಿಯಲ್ಲಿ ಸಿಳ್ಳೆ ಶುರುವಾಯಿತು. ಎರಡನೆಯದರಲ್ಲಿ ತುಟಿ ನೀಲಿಯಾಯಿತು. "ಸಾಕು ಅಕ್ಕ, ವಾಪಸ್ ಹೋಗೋಣ," ಎಂದು ಉಜ್ಜಮ್ಮ ಅತ್ತಳು. ಓರಗಿತ್ತಿ ಕೈಯಲ್ಲೇ ಸುಮ್ಮನಿರು ಅಂದಳು. ಮೂರನೇ ಮಹಡಿಯಲ್ಲಿ ಬೆಲ್ಲು ಒತ್ತಿದವಳು ಅವಳೇ.

ಮೇಡಂ ಬಾಗಿಲು ತೆಗೆದರು. ಹಿಂದೆ ಹಾಲಿನಲ್ಲಿ ಹದಿನಾರು ಜನ ತಟ್ಟೆ ಹಿಡಿದು ಕೂತಿದ್ದರು. ಮಾತು ಮತ್ತೆ ಜೋರಾಗಿತ್ತು, ಪರದೆಯ ಬಟ್ಟೆಯ ವಿಷಯ.

"ಏನು ಬೇಕು ಈಗ?" ಎಂದರು ಮೇಡಂ ತಗ್ಗಿದ ದನಿಯಲ್ಲಿ.

ಓರಗಿತ್ತಿ ಬಾಯಿ ತೆರೆದಳು. ಮಾತು ಬರಲಿಲ್ಲ, ಉಸಿರು ಬಂತು. ಎಳೆದರೆ ಸಿಳ್ಳೆ, ಬಿಟ್ಟರೆ ಗರಗರ. ಕತ್ತಿನ ನರ ಹಗ್ಗದ ಹಾಗೆ ಎದ್ದು ಬೀಳುತ್ತಿತ್ತು. ಪರದೆಯ ಮಾತು ಒಂದೊಂದೇ ಬಾಯಿಯಲ್ಲಿ ನಿಂತಿತು. ಚಮಚಗಳು ನಿಂತವು. ಆ ಹಾಲಿನಲ್ಲಿ ಅದೊಂದೇ ಸದ್ದು ಉಳಿಯಿತು.

"ಅಯ್ಯೋ, ಯಾರಾದ್ರೂ ನೀರು ಕೊಡಿ ಆಕೆಗೆ," ಎಂದಳು ಕನ್ನಡಕದಾಕೆ.

"ನೀರು ಬೇಡ," ಎಂದಳು ಉಜ್ಜಮ್ಮ. "ನೀವು ಬೆಳಿಗ್ಗೆ ಉಜ್ಜೋಕೆ ಮೊದಲು ಹೇಗಿರುತ್ತೆ ಅಂತ ನೋಡಿದ್ರಿ. ಉಜ್ಜಿದ ಮೇಲೆ ಹೇಗಿರುತ್ತೆ ಅಂತ ನೋಡೋಕಾಗಲಿಲ್ಲ. ಈಗ ನೋಡಿ. ಇವಳು ಈ ಮನೇಲಿ ಏಳು ವರ್ಷ ಉಜ್ಜಿದೋಳು."

ಮೇಡಂ ಬಾಗಿಲು ಮುಂದಕ್ಕೆ ತಳ್ಳಿದರು. ಅಷ್ಟರಲ್ಲಿ ಓರಗಿತ್ತಿ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಬೆನ್ನು ಒಂದು ಕಡೆಯ ಚೌಕಟ್ಟಿಗೆ, ಕಾಲು ಇನ್ನೊಂದು ಕಡೆಯ ಚೌಕಟ್ಟಿಗೆ.

"ಎದ್ದೇಳು. ಏನು ಬೇಕು ಹೇಳು, ಕೊಡ್ತೀನಿ," ಎಂದರು ಮೇಡಂ. "ಆಸ್ಪತ್ರೆಗೆ ತೋರಿಸೋಣ. ಇಲ್ಲಿ ಬೇಡ, ಎಲ್ಲರ ಮುಂದೆ ಬೇಡ."

ಓರಗಿತ್ತಿ ಕಾದಳು. ಎದೆ ಸ್ವಲ್ಪ ಇಳಿಯಿತು. ಒಂದೊಂದು ಮಾತಿಗೆ ಒಂದೊಂದು ಉಸಿರು ಎಳೆದು ಹೇಳಿದಳು.

"ಬಾಟ್ಲಿ... ತನ್ನಿ. ಅದರ ಮೇಲೆ... ಏನು ಬರೆದಿದೆ... ಓದಿ. ಎಲ್ಲರಿಗೂ... ಕೇಳೋ ಹಾಗೆ... ಓದಿ."

ಮೇಡಂ ಹಾಲಿನ ಕಡೆ ತಿರುಗಿ ನೋಡಿದರು. ಯಾರೂ ಅವರ ಮುಖ ನೋಡುತ್ತಿರಲಿಲ್ಲ.

"ಅವಸರ ಇಲ್ಲ ನನಗೆ," ಎಂದಳು ಓರಗಿತ್ತಿ. "ಓದೋ ತನಕ ಕೂತಿರ್ತೀನಿ."

ಉಜ್ಜಮ್ಮ ಅವಳ ಪಕ್ಕದಲ್ಲೇ ಕೂತಳು. ಊಟ ಅಲ್ಲಿಗೆ ಮುಗಿದಿತ್ತು. ಹದಿನಾರು ಜನ ಮನೆಗೆ ಹೋಗಬೇಕಿತ್ತು. ಆ ಮನೆಗೆ ಇನ್ನೊಂದು ಬಾಗಿಲು ಇರಲಿಲ್ಲ.